ಕಾಲು ಕಲಿತ ಹೊಲಿಗೆ

ನಾನು ಅಂದುಕೊಂಡದ್ದು ಅಂದುಕೊಂಡ ಹಾಗೇ ನಡೆದ ದಿನ ಒಂದೂ ನೆನಪಿಗೆ ಬರುವುದಿಲ್ಲ. ಎಡವಟ್ಟಾದ ದಿನಗಳು ಮಾತ್ರ ನಾನೀಗ ಇರುವ ಈ ನಾಗಪುರದವರೆಗೂ ನನ್ನ ಜೊತೆ ಬಂದು, ಒಬ್ಬಳೇ ಕೂತಾಗ ನಗಿಸುತ್ತವೆ.

ಹುಟ್ಟಿದ್ದು ದೊಡ್ಡಬಳ್ಳಾಪುರ. ಅರವತ್ತರ ದಶಕದಲ್ಲಿ, ಮದುವೆಗೆ ಮುಂಚೆ, ಕುಂದಾಣದ ಹತ್ತಿರದ ಒಂದು ಹಳ್ಳಿಗೆ ಗ್ರಾಮಸೇವಿಕೆಯಾಗಿ ಹೋದೆ. ಹೆಂಗಸರ ಸಂಘ ಕಟ್ಟಿ ಅಡುಗೆ, ಹೊಲಿಗೆ, ಮಕ್ಕಳ ಆರೈಕೆ ಹೇಳಿಕೊಡುವ ಕೆಲಸ. ಸಂಘ ಚೆನ್ನಾಗಿ ನಡೆದರೆ ಸರ್ಕಾರ ಒಂದು ಹೊಲಿಗೆ ಮಿಷನ್ ಕೊಡುತ್ತದೆ ಎಂದು ಮೊದಲ ದಿನವೇ ಹೇಳಿಬಿಟ್ಟೆ. ಒಂದು ರವಿಕೆ ಹೊಲಿಸಲು ದೇವನಹಳ್ಳಿಗೆ ನಡೆದುಹೋಗುತ್ತಿದ್ದ ಹೆಂಗಸರು ಅವರು. ಅಂದಿನಿಂದ ನನ್ನನ್ನು ಕಂಡರೆ ಒಂದೇ ಮಾತು: "ಮಿಷನ್ ಯಾವಾಗ ಬರ್ತದಮ್ಮ?"

ಕೊಡುವುದು, ಬಿಡುವುದು ಬೆಂಗಳೂರಿನಿಂದ ಜೀಪಿನಲ್ಲಿ ತನಿಖೆಗೆ ಬರುವ ಮೇಲಧಿಕಾರಿ ಮೇಡಂ ಕೈಯಲ್ಲಿತ್ತು.

ಹೊಗೆ ಇಲ್ಲದ ಒಲೆ

ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಹೊಸ ಒಲೆ ಆಗ ಬಂದಿತ್ತು. ಪಟೇಲರ ತಾಯಿ, ಊರಿಗೆಲ್ಲ ಅಜ್ಜಿ, ಮೊದಲು ತಮ್ಮ ಮನೆಯಲ್ಲೇ ಕಟ್ಟು ಅಂದರು. ನಾನೇ ಮಣ್ಣು ಕಲಸಿ ಕಟ್ಟಿದೆ.

ಮೇಡಂ ಅದನ್ನು ನೋಡಲು ಬಂದ ದಿನ ಜೀಪು ಬೀದಿಯ ತಿರುವಿನಲ್ಲೇ ನಿಂತಿತು. "ಅಯ್ಯೋ, ಆ ಮನೆಗೆ ಬೆಂಕಿ ಬಿದ್ದಿದೆ!" ಎಂದು ಮೇಡಂ ಕೂಗಿದರು. ಪಟೇಲರ ಮನೆಯ ಪ್ರತಿ ಹೆಂಚಿನ ಸಂದಿಯಿಂದಲೂ ಹೊಗೆ. ಕೊಡ ಹಿಡಿದು ಒಳಗೆ ಓಡಿದೆ. ಅಜ್ಜಿ ಆರಾಮಾಗಿ ಮುದ್ದೆ ತಿರುವುತ್ತಿದ್ದರು. ಗೋಡೆಯಾಚೆ ಬಿಟ್ಟಿದ್ದ ಕೊಳವೆಯನ್ನು ಕಿತ್ತು ಅಟ್ಟಕ್ಕೆ ತಿರುಗಿಸಿದ್ದರು.

"ಏನಜ್ಜಿ ಇದು?"

"ಅಟ್ಟದ ಮೇಲೆ ಬಿತ್ತನೆ ಅವರೆಕಾಳು ಇಟ್ಟಿದ್ದೀನಿ ಕಣಮ್ಮ. ಹೊಗೆ ತಾಗ್ದಿದ್ರೆ ಹುಳ ಬೀಳಲ್ವಾ? ನನ್ನ ಕಣ್ಣಿಗೆ ಹೊಗೆ ಬೇಡ, ಕಾಳಿಗೆ ಬೇಕು."

ಮೇಡಂ ಕೆಮ್ಮುತ್ತಲೇ ಜೀಪು ಹತ್ತಿದರು. ಆ ಸಲ ಮಿಷನ್ ಮಾತು ಅಲ್ಲಿಗೇ ನಿಂತಿತು. ಅಜ್ಜಿಯೇ ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕೋಬೇಡ. ಮುಂದಿನ ಸಲ ಅವ್ರು ಬಂದಾಗ ಒಲೆ ಹಚ್ಚೋದೇ ಇಲ್ಲ. ಹೊಗೆ ಎಲ್ಲಿಂದ ಬಂದೀತು?"

ಎರಡನೇ ಬಹುಮಾನ

ಮುಂದಿನ ಸಲಕ್ಕೆ ಒಲೆಯ ಸಹವಾಸವೇ ಬೇಡವೆಂದು ಪುಷ್ಟಿಯಾದ ಮಕ್ಕಳ ಸ್ಪರ್ಧೆ ಇಟ್ಟೆ. ಮೊದಲ ಬಹುಮಾನ ಒಂದು ಡಬ್ಬಿ ಬಿಸ್ಕತ್ತು, ಎರಡನೆಯದು ಒಂದು ಸೋಪು. ಹನ್ನೊಂದು ಮಕ್ಕಳು ಬಂದವು, ಎಲ್ಲಕ್ಕೂ ಹರಿದ ಅಂಗಿ, ಕೆನ್ನೆ ತುಂಬ ಕಾಡಿಗೆ.

ಪಟೇಲರ ಸೊಸೆಯ ಮಗು ಬೆಣ್ಣೆ ಮುದ್ದೆಯ ಹಾಗಿತ್ತು. "ಎಷ್ಟು ಚೆನ್ನಾಗಿದೆ!" ಅಂದರು ಮೇಡಂ.

"ಎಲ್ಲಿ ಅಮ್ಮಾವ್ರೇ, ಏನೂ ತಿನ್ನಲ್ಲ ಇದು. ಆ ಮಗೂನ ನೋಡಿ."

ಅವಳು ತೋರಿಸಿದ ಮಗುವಿನ ತಾಯಿ ತನ್ನ ಪಕ್ಕದವಳ ಮಗುವನ್ನು ತೋರಿಸಿದಳು. ತೋರಿಸುತ್ತಾ ತೋರಿಸುತ್ತಾ ಸರದಿ ಮತ್ತೆ ಪಟೇಲರ ಸೊಸೆಗೇ ಬಂತು. ಅಜ್ಜಿ ನನ್ನ ಕಿವಿಯಲ್ಲಿ, "ಮೊದಲನೇದು ಅಂತ ಕೂಗಿದ್ರೆ ಊರ ಕಣ್ಣೆಲ್ಲ ಆ ಮಗೂ ಮೇಲೆ. ಎಲ್ರಿಗೂ ಎರಡನೇದೇ ಕೊಟ್ಬಿಡು" ಅಂದರು. ಬೇರೆ ದಾರಿ ಇರಲಿಲ್ಲ. ಸೋಪನ್ನು ದಾರದಲ್ಲಿ ಹನ್ನೊಂದು ಚೂರು ಮಾಡಿ ಹಂಚಿದೆ.

"ಮತ್ತೆ ಮೊದಲ ಬಹುಮಾನ ಯಾರಿಗೆ?" ಮೇಡಂ ಕೇಳಿದರು.

ಅಜ್ಜಿ ಬಿಸ್ಕತ್ತಿನ ಡಬ್ಬಿಯನ್ನು ಅವರ ಕೈಗೇ ಇಟ್ಟರು. "ನೀವೇ ಇಟ್ಕೊಳ್ಳಿ ತಾಯಿ. ದೃಷ್ಟಿ ತಾಗೋ ವಯಸ್ಸು ನಿಮ್ಗೆ ದಾಟಿದೆ."

ಆ ಸಲವೂ ಮಿಷನ್ ಬರಲಿಲ್ಲ ಎಂದು ಬೇರೆ ಹೇಳಬೇಕೆ?

ಒನಕೆ, ಹಲಗೆ

ಹೊಲಿಗೆ ಬರುವವರಿದ್ದರೆ ಮಾತ್ರ ಮಿಷನ್ ಎಂದು ಮೇಡಂ ಕಾಗದ ಬರೆದರು. ಮಿಷನ್ ಇಲ್ಲದೆ ಹೊಲಿಗೆ ಕಲಿಯುವುದು ಹೇಗೆ? ದೇವನಹಳ್ಳಿಯ ದರ್ಜಿಯೊಬ್ಬ ತನ್ನದನ್ನು ಎರಡು ವಾರಕ್ಕೆ ಕೊಡುತ್ತೇನೆ ಅಂದಿದ್ದವನು ಮದುವೆ ಕಾಲವೆಂದು ಕೈಕೊಟ್ಟ. ನಾನು ತಲೆಮೇಲೆ ಕೈಹೊತ್ತು ಕೂತೆ.

"ದರ್ಜಿ ಏನ್ ಮಾಡ್ತಾನೆ?" ಅಂದರು ಅಜ್ಜಿ. "ಕಾಲಲ್ಲಿ ತುಳೀತಾನೆ, ಕೈಯಲ್ಲಿ ಬಟ್ಟೆ ತಳ್ತಾನೆ. ಅಷ್ಟಕ್ಕೆ ಮಿಷನ್ ಯಾಕೆ?" ಒನಕೆಯನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೊಂದು ಹಲಗೆ ಇಟ್ಟು ತುಳಿದು ತೋರಿಸಿದರು. ಹಲಗೆ ಥೇಟ್ ಮಿಷನ್ನಿನ ಪೆಡಲಿನ ಹಾಗೆ ಏಳುತ್ತಾ ಬೀಳುತ್ತಾ ಆಡಿತು. ಮೂರು ತಿಂಗಳು ದಿನಾ ಮಧ್ಯಾಹ್ನ ಎಂಟು ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತು, ಕೆಳಗೆ ಹಲಗೆ ತುಳಿಯುತ್ತಾ ಕಾಣದ ಮಿಷನ್ನಿಗೆ ಹಳೇ ಸೀರೆ ತಳ್ಳಿದರು. ಒಂದು ದಿನ ಹೇಳದೆ ಕೇಳದೆ ಜೀಪು ಬಂದು ನಿಂತಿತು.

"ಏನು ಮಾಡ್ತಿದ್ದೀರಿ?"

"ಹೊಲೀತಿದ್ದೀವಿ ಅಮ್ಮಾವ್ರೇ."

"ಮಿಷನ್ ಎಲ್ಲಿ?"

ಅಜ್ಜಿ ಕಾಲು ನಿಲ್ಲಿಸದೆ, "ಅದು ನಿಮ್ಮ ಹತ್ರ ಇದೆಯಲ್ಲ ತಾಯಿ. ಬರೋಗಂಟ ನಮ್ಮ ಪಾಲಿನ ಕೆಲಸ ನಾವು ಮಾಡ್ತಿದ್ದೀವಿ" ಅಂದರು. ಮೇಡಂ ಜಗಲಿಯ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮುಂದಿನ ತಿಂಗಳು ಮಿಷನ್ ಬಂತು. ಊರಿಗೆ ಊರೇ ಸೇರಿತು. ಗೋಣಿ ಬಿಚ್ಚಿ ನೋಡಿದೆ. ಕೈಯಲ್ಲಿ ತಿರುಗಿಸುವ ಮಿಷನ್! ಪೆಡಲೇ ಇಲ್ಲ. ಮೂರು ತಿಂಗಳು ತುಳಿದ ಹದಿನಾರು ಕಾಲುಗಳ ಮುಖ ನೋಡಲಾರದೆ ನಾನು ಅಳುವುದೊಂದು ಬಾಕಿ.

ಪಟೇಲರ ಸೊಸೆ ಮಾತ್ರ ಮಿಷನ್ ಮುಂದೆ ಕೂತಳು. ತೊಟ್ಟಿಲನ್ನು ಹತ್ತಿರ ತರಿಸಿ ಅದರ ಹಗ್ಗವನ್ನು ತಾನು ತುಳಿದು ಕಲಿತ ಹಲಗೆಗೆ ಕಟ್ಟಿದಳು. ಕೈ ಮಿಷನ್ ತಿರುಗಿಸಿತು, ಕಾಲು ಹಲಗೆ ತುಳಿಯಿತು, ಎರಡನೇ ಬಹುಮಾನದ ಮಗು ತೂಗಿಸಿಕೊಳ್ಳುತ್ತಾ ನಿದ್ದೆ ಹೋಯಿತು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಎಂಥಾ ಬುದ್ಧಿವಂತ್ರಮ್ಮ ನಿಮ್ಮ ಮೇಡಮ್ಮು! ಕಾಲಿಗೆ ಬೇರೆ ಕೆಲಸ ಇದೆ ಅಂತ ತಿಳಿದೇ ಕೈ ಮಿಷನ್ ಕಳಿಸವ್ರೆ."