ಹುಂಜದ ಮನಸ್ಸು, ಮಿಸ್ಸಿನ ಮನಸ್ಸು

ಆಶಾರಾಣಿ ಬಸ್ಸಿಳಿದು ಬರುವಷ್ಟರಲ್ಲಿ ತಾವರೆಕೆರೆಯ ಶಿಶುವಿಹಾರದ ಮೆಟ್ಟಿಲ ಮೇಲೆ ಓಬಳಮ್ಮ ಖಾಲಿ ಮಂಕರಿ ಹಿಡಿದು ಕೂತಿದ್ದಳು.

“ನೋಡಮ್ಮ ಮಿಸ್ಸು, ಸಂಜೀಗೆ ಬೀಗರು ಬತ್ತಾವ್ರೆ ಅಂತ ಹುಂಜನ ಇದರಡಿ ಮುಚ್ಚಾಕಿದ್ದೆ. ನನ್ ಮೊಮ್ಮಗ ಎದ್ದೋನೇ ಬುಟ್ಬುಟ್ಟವ್ನೆ! ಯಾಕ್ಲಾ ಅಂದ್ರೆ, ‘ಹುಂಜದ ಮನಸ್ಸಿಗೆ ಹೆಂಗನ್ನಿಸ್ತೈತೆ, ಯೋಚ್ನೆ ಮಾಡಜ್ಜಿ’ ಅಂತಾನೆ. ಯಾರು ಹೇಳ್ಕೊಟ್ಟೋರು ಇದನ್ನ?”

ಹೇಳಿಕೊಟ್ಟವಳು ಆಶಾರಾಣಿಯೇ. ಚಿತ್ರದ ಪುಸ್ತಕ ಓದುವಾಗ ಪುಟಪುಟಕ್ಕೂ ನಿಲ್ಲಿಸಿ, ‘ಕೋಳಿಗೆ ಏನನ್ನಿಸುತ್ತಿದೆ? ನರಿಗೆ ಏನನ್ನಿಸುತ್ತಿದೆ?’ ಎಂದು ಮಕ್ಕಳನ್ನು ಕೇಳಬೇಕು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದನ್ನು ಅವರು ಹಾಗೆಯೇ ಕಲಿಯುತ್ತಾರೆ ಎಂದು ಶಿರಾದ ತರಬೇತಿಯಲ್ಲಿ ಹೇಳಿದ್ದರು. ನಿನ್ನೆ ಕೇಳಿದ್ದಳು. ನಾಲ್ಕು ವರ್ಷದ ಚೇತನ್ ಕುಮಾರ್ ಒಂದೇ ರಾತ್ರಿಯಲ್ಲಿ ಇಷ್ಟು ಕಲಿಯುತ್ತಾನೆಂದು ಅವಳಿಗೇನು ಗೊತ್ತು!

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಆದರೆ ಇವತ್ತು ಮೇಲ್ವಿಚಾರಕಿ ಭುವನಾ ಮೇಡಂ ಪಾಠ ನೋಡಲು ಬರುವವರಿದ್ದರು. ಪಾಠ ಮೆಚ್ಚುಗೆಯಾಗಿ, ಊರಿನವರ ತಕರಾರೂ ಇಲ್ಲದಿದ್ದರೆ ಮಧುಗಿರಿಗೆ ವರ್ಗ ಮಾಡಿಕೊಡುವುದಾಗಿ ಮಾತು ಕೊಟ್ಟಿದ್ದರು. ಆಶಾರಾಣಿಯ ಮನೆ ಮಧುಗಿರಿಯಲ್ಲಿ. ದಿನಾ ಎರಡು ಬಸ್ಸಿನ ಕಂಬಿಗೆ ಜೋತುಬಿದ್ದು ಅವಳು ಹೆಚ್ಚುಕಡಿಮೆ ಬಾವಲಿಯೇ ಆಗಿಹೋಗಿದ್ದಳು.

“ಅಜ್ಜಿಯ ಮನಸ್ಸಿಗೆ ಹೇಗನ್ನಿಸುತ್ತೆ ಅಂತ ಯೋಚಿಸಿದೆಯಾ ಪುಟ್ಟಾ?” ಎಂದು ಅಜ್ಜಿಯ ಪಕ್ಕದಲ್ಲೇ ನಿಂತಿದ್ದ ಚೇತನನನ್ನೇ ಕೇಳಿದಳು.

“ಯೋಚ್ನೆ ಮಾಡ್ದೆ ಮಿಸ್. ಅಜ್ಜೀಗೆ ತಿನ್ಬೇಕು ಅನ್ನಿಸ್ತೈತೆ. ಹುಂಜಕ್ಕೆ ಓಡ್ಬೇಕು ಅನ್ನಿಸ್ತೈತೆ. ಓಡೋದೇ ಅರ್ಜೆಂಟು.”

ಓಬಳಮ್ಮ ಮಂಕರಿಯನ್ನು ನೆಲಕ್ಕೆ ಕುಕ್ಕಿದಳು. ಅಷ್ಟರಲ್ಲಿ ಅಡವಯ್ಯ ಖಾಲಿ ಹಾಲಿನ ಕ್ಯಾನು ಬಡಿಯುತ್ತಾ ಬಂದ. “ನನ್ ಮೊಮ್ಮಗಳು ಕರೂನ ಬುಟ್ಟು ಅಷ್ಟೂ ಹಾಲು ಕುಡಿಸ್ಬುಟ್ಟವ್ಳೆ ಕಣಮ್ಮ! ‘ಕರೂಗೆ ಬ್ಯಾಸರ ಆಯ್ತದೆ ತಾತ’ ಅಂತಾಳೆ. ಡೈರಿಯೋನಿಗೆ ಕರು ಮನಸ್ಸು ತೋರಿಸ್ಲಾ?”

“ಮೇಡಂ ಬರ್ಲಿ, ಇಬ್ರೂ ಹೇಳ್ತೀವಿ,” ಎಂದಳು ಓಬಳಮ್ಮ.

ಮಧುಗಿರಿ ಬೆಟ್ಟವೇ ಕಣ್ಣೆದುರು ಜಾರಿಹೋದಂತಾಯಿತು ಆಶಾರಾಣಿಗೆ. “ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದು ಸಲ ಕೂತು ಕತೆ ಕೇಳಿ. ಆಮೇಲೆ ಬೇಕಾದಷ್ಟು ಬೈಯಿರಿ,” ಎಂದು ಇಬ್ಬರನ್ನೂ ಒಳಗೆ ಕರೆದಳು. ಓಬಳಮ್ಮ ಚಾಪೆಯ ಮೇಲೆ ಮಕ್ಕಳ ನಡುವೆ ಕೂತಳು. ಅಡವಯ್ಯ ಮಕ್ಕಳ ಪುಟ್ಟ ಕುರ್ಚಿಯೊಳಗೆ ಬಿರಡೆಯಂತೆ ಇಳಿದ.

ಆಶಾರಾಣಿ ಪುಸ್ತಕ ಬಿಚ್ಚಿದಳು. “ನರಿ ಬೇಲಿಯ ಹತ್ತಿರ ಬಂತು. ನರಿಗೆ ಏನನ್ನಿಸುತ್ತಿರಬಹುದು?”

ಮಕ್ಕಳು ಬಾಯಿ ತೆರೆಯುವ ಮೊದಲೇ ಓಬಳಮ್ಮ ನಿಟ್ಟುಸಿರಿಟ್ಟಳು. “ಪಾಪ, ಅದರ ಮನೇಗೂ ಬೀಗರು ಬಂದಿರ್ಬೇಕು.”

“ಅದಕ್ಕೆ ಕೋಳಿ ಪ್ರಾಣ ಕೊಡ್ಬೇಕಾ? ಕೋಳಿಗೆ ಮರಿ ಅವೆ, ಅದರ ಸಂಕಟ ನೋಡು!” ಎಂದ ಅಡವಯ್ಯ.

“ನರೀಗೇನು ಮರಿ ಇಲ್ವಾ?”

ಇಬ್ಬರೂ ಪಂಚಾಯ್ತಿ ಕಟ್ಟೆಯಲ್ಲಿರುವಂತೆ ಕೈಬೀಸಿ ಜಗಳಕ್ಕಿಳಿದರು. ಮಕ್ಕಳು ಒಮ್ಮೆ ಇವಳನ್ನೂ ಒಮ್ಮೆ ಅವನನ್ನೂ ನೋಡುತ್ತಿದ್ದರು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಓಬಳಮ್ಮ ಸೆರಗಿನಲ್ಲಿ ಮೂಗೊರೆಸುತ್ತಿದ್ದಳು. “ಹುಂಜ ಹೋದ್ರೆ ಹೋಯ್ತು ಬುಡು. ಬೀಗರಿಗೆ ಹುಳ್ಳಿಕಾಳು ಸಾರು ಮಾಡ್ತೀನಿ.”

“ಅದ್ಭುತ!” ಎಂಬ ದನಿ ಕೇಳಿತು. ಭುವನಾ ಮೇಡಂ ಯಾವಾಗಿನಿಂದಲೋ ಬಾಗಿಲಲ್ಲಿ ನಿಂತಿದ್ದರು. ಅಡವಯ್ಯ ಕೈಮುಗಿಯಲು ಎದ್ದ. ಕುರ್ಚಿಯೂ ಅವನ ಜೊತೆಗೇ ಎದ್ದಿತು.

“ಮಕ್ಕಳಿಗಿರಲಿ, ದೊಡ್ಡವರಿಗೂ ಕಲಿಸಿದ್ದೀರಲ್ಲ ಆಶಾರಾಣಿ! ಸೋಮವಾರದಿಂದ ನೀವು ಮಧುಗಿರಿಗೆ ಬನ್ನಿ.”

ಸಂತೋಷಕ್ಕೆ ಆಶಾರಾಣಿಯ ಕಣ್ಣಿನಿಂದ ದಳದಳನೆ ನೀರಿಳಿಯಿತು.

ಓಬಳಮ್ಮ ಅದನ್ನು ನೋಡಿದಳು. ಈಗಷ್ಟೇ ಕಲಿತ ವಿದ್ಯೆ ಬಿಸಿಬಿಸಿಯಾಗಿಯೇ ಇತ್ತು. “ಅಯ್ಯೋ ಮೇಡಮ್ಮಾರೇ, ಮಿಸ್ಸಿನ ಮುಖ ನೋಡ್ರಿ! ನಮ್ಮೂರು ಬುಟ್ಟು ಹೋಗೋಕೆ ಎಂಥ ಸಂಕಟ ಆಗ್ತೈತೆ ಆಯಮ್ಮಂಗೆ!”

“ಇಲ್ಲ, ನಾನು...” ಎನ್ನುವಷ್ಟರಲ್ಲಿ ಓಬಳಮ್ಮ ಅವಳನ್ನು ಎಳೆದು ಅಪ್ಪಿಕೊಂಡಳು. ಉಳಿದ ಮಾತೆಲ್ಲ ಸೆರಗಿನೊಳಗೆ ಹೂತುಹೋಯಿತು.

“ಕಳ್ಸಿದ್ರೆ ಧರಣಿ ಕೂರ್ತೀವಿ,” ಎಂದ ಅಡವಯ್ಯ. “ಕುರ್ಚಿ ಹೆಂಗೂ ಅಂಟ್ಕಂಡೇ ಐತೆ.”

ಭುವನಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಾನು ಬರೀ ನನ್ನ ಕಡೆಯಿಂದ ಯೋಚಿಸಿಬಿಟ್ಟೆ. ವರ್ಗ ರದ್ದು. ಆಶಾರಾಣಿ ಇನ್ನು ಮೇಲೂ ಇಲ್ಲೇ ಇರ್ತಾರೆ.”

ಸೆರಗಿನೊಳಗಿನಿಂದ ಬಿಕ್ಕುವ ಸದ್ದು ಜೋರಾಯಿತು. ಚೇತನ್ ಕುಮಾರ್ ಹತ್ತಿರ ಬಂದು, ಬಗ್ಗಿ, ಮಿಸ್ಸಿನ ಮುಖವನ್ನು ಸಂದಿಯಿಂದ ಚೆನ್ನಾಗಿ ನೋಡಿದ.

“ಅಜ್ಜಿ, ಮಿಸ್ಸಿಗೆ ಮಧುಗಿರೀಗೇ ಹೋಗ್ಬೇಕು ಅನ್ನಿಸ್ತೈತೆ.”

“ಸುಮ್ಕಿರ್ಲಾ!” ಎಂದು ಗದರಿದಳು ಓಬಳಮ್ಮ. “ಇನ್ನೊಬ್ರ ಮನಸ್ಸು ನಿಂಗೇನ್ಲಾ ಗೊತ್ತಾಯ್ತದೆ!”