ಖಾದರ್ ಸಾಹೇಬರ ಕುರ್ಚಿ ಮತ್ತು ಏಡನ್ನಿನ ಕ್ಯಾಮೆರಾ

ಯಾವ ಸಾಮಾನೇ ಆಗಲಿ, ಕೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸಬೇಕು ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ. ಆ ಪೈಕಿ ನಾನೂ ಒಬ್ಬನಾದ್ದರಿಂದ ಈ ಉರಿಯನ್ನು ಹೊರಗೆ ತೋರಿಸಿಕೊಳ್ಳುವ ಹಾಗೂ ಇಲ್ಲ. ಒಂದು ಕೊಡೆ ಕೊಳ್ಳಬೇಕಾದರೆ ನಾನು ಎರಡು ಮಳೆಗಾಲ ಯೋಚನೆ ಮಾಡುತ್ತೇನೆ. ನಮ್ಮ ಆದವಾನಿಯಲ್ಲಿ ಮಳೆಗಾಲವೆಂದರೆ ನಾಲ್ಕು ದಿನವಾದ್ದರಿಂದ ಅದರಿಂದ ದೊಡ್ಡ ಹಾನಿಯೇನೂ ಆಗಿಲ್ಲ. ಚಪ್ಪಲಿ ಕೊಳ್ಳಲು ಹೊರಟು, ಅಂಗಡಿ ಅಂಗಡಿ ತಿರುಗುವುದರಲ್ಲಿ ಕಾಲಲ್ಲಿದ್ದ ಚಪ್ಪಲಿಯೂ ಹರಿದು, ಬರಿಗಾಲಲ್ಲಿ ಮನೆಗೆ ಬಂದವನು ನಾನು. ನನ್ನ ಹೆಂಡತಿ ಪಾರ್ವತಿ ಎಮ್ಮಿಗನೂರಿನವಳು, ಮನೆಮಾತು ತೆಲುಗು. ಬೈಯುವಾಗ ಮಾತ್ರ ನನಗೆ ಅನುಮಾನಕ್ಕೆ ಎಡೆ ಇರಬಾರದೆಂದು ಕನ್ನಡದಲ್ಲೇ ಬೈಯುತ್ತಾಳೆ. "ನಮ್ಮಪ್ಪ ಏನೂ ವಿಚಾರ ಮಾಡಲಿಲ್ಲ, ಅದಕ್ಕ ನಮ್ಮ ಲಗ್ನ ಆತು. ನಿಮ್ಮ ಕೈಯಾಗ ಬಿಟ್ಟಿದ್ರ ನಾನು ಇನ್ನಾ ತೌರುಮನ್ಯಾಗ ಇರ್ತಿದ್ದೆ" ಎನ್ನುತ್ತಾಳೆ. ಹಾಗೆ ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಆಸೆಯೂ ಇರುತ್ತದೆ ಎಂದು ನನಗೆ ಅನ್ನಿಸುವುದುಂಟು.

ತಪ್ಪು ಪೂರ್ತಿ ನನ್ನದಲ್ಲ, ಕಸುಬಿನದೂ ಇದೆ. ನಾನು ಹತ್ತಿ ಮಂಡಿಯಲ್ಲಿ ಗುಮಾಸ್ತ. ನಮ್ಮಲ್ಲಿ ಹತ್ತಿ ತುಂಬಿದ ಅಂಡಿಗೆಯಿಂದ ಒಂದು ಚಿಟಿಕೆ ಕಿತ್ತು, ಎರಡೂ ಹೆಬ್ಬೆರಳುಗಳ ನಡುವೆ ಜಗ್ಗಿ, ಎಳೆ ಎಷ್ಟುದ್ದ ಬರುತ್ತದೆಂದು ನೋಡದೆ ಯಾರೂ ಬಾಯಿಬಿಟ್ಟು ದರ ಹೇಳುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಜಗ್ಗಿ ಜಗ್ಗಿ ನನ್ನ ಸ್ವಭಾವವೂ ಜಗ್ಗಾಡುವ ಸ್ವಭಾವವೇ ಆಗಿಬಿಟ್ಟಿತು. ಅಂಥ ನಾನು ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಸಾಮಾನನ್ನು ಕೈಯಲ್ಲಿ ಮುಟ್ಟಿ ನೋಡದೆ, ಬರೀ ಕಾಗದ ನಂಬಿ ಕೊಂಡೆ. ಅದು ಕ್ಯಾಮೆರಾ. ಅದರ ಕತೆ ಹೇಳಿದರೆ ನನ್ನ ಮನಸ್ಸು ಹಗುರಾಗುತ್ತದೆಂದು ಕೆಲವರು ಹೇಳಿದ್ದಾರೆ. ಎಷ್ಟೋ ಜನಕ್ಕೆ ಹೇಳಿದ್ದೇನೆ, ಆಗಿಲ್ಲ.

ನನಗೆ ಕ್ಯಾಮೆರಾದ ಹುಚ್ಚು ಹಿಡಿದದ್ದು ಅಕ್ಕನಿಂದ. ನನ್ನ ಅಕ್ಕ ಈರಮ್ಮ ನನಗಿಂತ ಹದಿನಾರು ವರ್ಷ ದೊಡ್ಡವಳು. ನಮ್ಮವ್ವ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಅಕ್ಕ ಆಗಲೇ ಗಂಡನನ್ನು ಕಳೆದುಕೊಂಡು ಹಾಲಹರವಿಯ ತವರಿಗೆ ಬಂದಿದ್ದಳು. ನನ್ನನ್ನು ಎತ್ತಿ ಆಡಿಸಿ, ಓದಿಸಿ, ಕೆಲಸ ಸಿಕ್ಕ ಮೇಲೆ ನನ್ನ ಜೊತೆ ಆದವಾನಿಗೆ ಬಂದು, ಪಾರ್ವತಿಗೆ ಜೋಳದ ರೊಟ್ಟಿ ತಟ್ಟುವುದನ್ನು ಕಲಿಸಿ, ನನಗೆ ನಲವತ್ತು ದಾಟಿದ ಮೇಲೂ "ಬಸ್ಯಾ, ಉಂಡೇನೋ" ಎಂದು ಕೇಳುತ್ತಿದ್ದಳು. ಆಕೆಯ ಒಂದೇ ಒಂದು ಫೋಟೋ ನಮ್ಮಲ್ಲಿರಲಿಲ್ಲ. ವಯಸ್ಸು ಆಗುತ್ತ ಬಂದಿತ್ತು. ಆಕೆ ಇದ್ದಾಗಲೇ ಒಂದು ಫೋಟೋ ಮಾಡಿಸಬೇಕೆಂಬುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಊರಲ್ಲಿ ಸ್ಟುಡಿಯೋ ಇರಲಿಲ್ಲವೆಂದಲ್ಲ. ಸಂತೆಪೇಟೆಯ ಹಿಂದೆ ಖಾದರ್ ಸಾಹೇಬರ ಸ್ಟುಡಿಯೋ ಇತ್ತು. ಮೂರು ಕಾಲಿನ ಮೇಲೆ ನಿಂತ ದೊಡ್ಡ ಪೆಟ್ಟಿಗೆ, ಅದಕ್ಕೊಂದು ಕರಿ ಅರಿವೆ. ಸಾಹೇಬರು ಅರಿವೆಯೊಳಗೆ ತಲೆ ಹಾಕಿ ಹೊರಗೆ ತೆಗೆದು, ಮುಂದಿನ ಮುಚ್ಚಳ ಕೈಯಿಂದ ತೆಗೆದು, "ಏಕ್, ದೋ, ತೀನ್" ಎಂದು ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ತೊಂದರೆ ಇದ್ದದ್ದು ಪೆಟ್ಟಿಗೆಯಲ್ಲಲ್ಲ, ಕುರ್ಚಿಯಲ್ಲಿ. ಕೈಗಳ ಮೇಲೆ ಸಿಂಹದ ಮುಖ ಕೆತ್ತಿದ ಬೀಟೆಮರದ ಕುರ್ಚಿ ಅದು, ಇದ್ದದ್ದೂ ಒಂದೇ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸದವರಿಗೆ ಅದೇ ಹೊತ್ತಿನಲ್ಲಿ ಒಂದು ತೆಗೆಸುವ ರೂಢಿ. ಸುದ್ದಿ ಮುಟ್ಟಿದರೆ ಸಾಕು, ಸಾಹೇಬರು ಯಾರೂ ಕರೆಯದಿದ್ದರೂ ಕೈಬಂಡಿಯ ಮೇಲೆ ಆ ಕುರ್ಚಿ ಹೇರಿಕೊಂಡು ಬರುತ್ತಿದ್ದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಹಿರಿಯರು ಆ ಸಿಂಹಗಳ ಮೇಲೆ ಕೈಯಿಟ್ಟು, ಅರ್ಧ ಕಣ್ಣು ಮುಚ್ಚಿ ಕೂತಿದ್ದಾರೆ.

ನಾನು ಸ್ಟುಡಿಯೋದ ಮಾತೆತ್ತಿದಾಗ ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಆ ಕುರ್ಚಿ ಮ್ಯಾಲೆ ನಾ ಒಂದ ಸಲ ಕೂಡಾಕಿ. ಅವತ್ತು ಕೂಡಸೋರು ನೀವು ನಾಕು ಮಂದಿ ಇರ್ತೀರಿ, ನಾನಾಗೇ ಯಾಕ ಹೋಗ್ಲಿ" ಎಂದಳು. ತಟ್ಟಿದ್ದನ್ನು ಹೆಂಚಿಗೆ ಹಾಕಿ, "ಮನ್ಯಾಗ ತಗಿಯೋದಿದ್ರ ತಗಿ. ಇಲ್ಲೇ, ಬೀಸೋಕಲ್ಲಿನ ಕಡಿ ಕುಂತ್ಕಂತೀನಿ" ಎಂದಳು. ಸಾಹೇಬರನ್ನು ಮನೆಗೆ ಕರೆಸೋಣವೆಂದರೆ ಅದೂ ಬೇಡ. ಅವರ ಬಂಡಿ ಮನೆಮುಂದೆ ನಿಂತರೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬರುತ್ತಾರೆ ಎಂದಳು. ಅದು ನಿಜವೇ.

ಅಷ್ಟರಲ್ಲಿ ಮಂಡಿಗೆ ಬಂದ ಮುಂಬಯಿಯ ಏಜೆಂಟರೊಬ್ಬರ ಕೈಯಲ್ಲಿ ನಾನು ಅದನ್ನು ಕಂಡೆ. ಅಂಗೈಯಗಲದ ಜರ್ಮನ್ ಕ್ಯಾಮೆರಾ, ಅರಬ್ಬರ ಸೀಮೆಯ ಏಡನ್ ಬಂದರಿನಲ್ಲಿ ಕೊಂಡದ್ದಂತೆ. ಮೇಲಿನ ಸಣ್ಣ ಕಿಟಕಿಗೆ ಕಣ್ಣಿಟ್ಟರೆ ಎದುರಿಗಿದ್ದವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಮುಂದಿನ ಬಳೆ ತಿರುವುತ್ತ ಹೋದರೆ ಇಬ್ಬರೂ ಸರಿದು ಬಂದು ಒಬ್ಬರಾಗುತ್ತಾರೆ. ಒಂದಾದಾಗ ಗುಂಡಿ ಒತ್ತಬೇಕು, ಅಷ್ಟೆ. ನಾನು ಕಿಟಕಿಯಲ್ಲಿ ನಮ್ಮ ಮಂಡಿಯ ಸಾಹುಕಾರರನ್ನು ಎರಡು ಮಾಡಿ ಒಂದು ಮಾಡಿದೆ. ಎರಡಾದಾಗ ಎದೆ ಝಲ್ಲೆಂದಿತು. ಒಬ್ಬ ಸಾಹುಕಾರರೇ ನಮಗೆ ಸಾಕಾಗಿದ್ದರು. ಅವತ್ತೇ ನಿಶ್ಚಯಿಸಿದೆ: ಇಂಥದೊಂದು ಕೊಂಡು, ಬೀಸುವಕಲ್ಲಿನ ಹತ್ತಿರ ಅಕ್ಕನನ್ನು ಕೂರಿಸಿ, ನನ್ನ ಕೈಯಾರೆ ಫೋಟೋ ತೆಗೆಯಬೇಕು.

ಎಲ್ಲಿ ಕೊಳ್ಳಬೇಕು ಎಂಬಲ್ಲಿಗೆ ಬಂದಾಗ ನನ್ನ ರೋಗ ಶುರುವಾಯಿತು. ಖಾದರ್ ಸಾಹೇಬರು ಮದ್ರಾಸಿನ ಅಂಗಡಿಯಿಂದ ಒಂದು ತಿಂಗಳಲ್ಲಿ ತರಿಸಿಕೊಡುತ್ತೇನೆಂದರು. ಆದರೆ ಅವರು ಹೇಳಿದ ಬೆಲೆ ಏಜೆಂಟರು ಏಡನ್ನಿನಲ್ಲಿ ಕೊಟ್ಟದ್ದಕ್ಕಿಂತ ಬಹಳ ಹೆಚ್ಚು. ನನ್ನ ಮುಖ ನೋಡಿ ಸಾಹೇಬರು, "ದುಡ್ಡು ಜಾಸ್ತಿ ಆತಂತ ಅನಬ್ಯಾಡ್ರಿ ಬಸಣ್ಣ. ಸಾಮಾನಿನ ಜೋಡಿ ನಾನೂ ಬರ್ತೀನಿ. ಮೊದಲ್ನೇ ರೀಲು ಮುಗಿಯೋತನಕ ನಿಮ್ಮ ಬಾಜೂಕ ನಿಂದರ್ತೀನಿ" ಎಂದರು. ಬಾಜೂಕ ನಿಲ್ಲುವುದಕ್ಕೆ ಇಷ್ಟು ಬೆಲೆಯೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಬಾಯಲ್ಲಿ ಮಾತ್ರ, "ನಿಮ್ಮ ಪೆಟಿಗಿ ಹಂಗಲ್ಲ ಸಾಬ್ರ ಇದು. ಮುಚ್ಚಳ ತಗದು ಹಾಕಿ ಏಕ್ ದೋ ತೀನ್ ಅನ್ನೋ ಕೆಲಸ ಇದರಾಗಿಲ್ಲ. ಗುಂಡಿ ಒತ್ತಿದ್ರ ತಾನ ಕಣ್ಣು ತಗದು ತಾನ ಮುಚ್ಚತೈತಿ" ಎಂದೆ. ಸಾಹೇಬರು ಗಡ್ಡ ಕೆರೆದುಕೊಂಡರು.

ಏಡನ್ನಿನ ವ್ಯಾಪಾರಿಗೆ ಕಾಗದ ಬರೆದೆ. ಅವನು ಬಣ್ಣದ ಪಟ್ಟಿ ಕಳಿಸಿದ. ಹಾಂಗ್‌ಕಾಂಗಿನಲ್ಲಿ ಇನ್ನೂ ಅಗ್ಗವೆಂದು ಯಾರೋ ಹೇಳಿದರು, ಅಲ್ಲಿಗೂ ಬರೆದೆ. ಅವನೂ ಪಟ್ಟಿ ಕಳಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನವೂ ನೋಡುತ್ತಿದ್ದೆ. ಹಾಂಗ್‌ಕಾಂಗಿನವನ ಕ್ಯಾಮೆರಾಕ್ಕೆ ತೊಗಲಿನ ಚೀಲ ಉಂಟು, ಏಡನ್ನಿನವನದಕ್ಕೆ ಇಲ್ಲ. ಇವನು ಸಾಗಣೆ ತಾನೇ ಹಾಕಿಕೊಳ್ಳುತ್ತಾನೆ, ಅವನು ಹಾಕಿಕೊಳ್ಳುವುದಿಲ್ಲ. ಆಮೇಲೆ ಸರಕಾರದ ಪರವಾನಗಿಗೆ ಅರ್ಜಿ. ಮೊದಲ ಅರ್ಜಿ ಹಾಕಿದಾಗ ನಮ್ಮೂರು ಮದ್ರಾಸ್ ರಾಜ್ಯದಲ್ಲಿತ್ತು, ಜವಾಬು ಬರುವ ಹೊತ್ತಿಗೆ ಆಂಧ್ರದಲ್ಲಿತ್ತು. ಹೊಸ ರಾಜ್ಯದ ವಿಳಾಸ ಬರೆದು ಮತ್ತೆ ಅರ್ಜಿ ಹಾಕಬೇಕಾಯಿತು. ಪಾರ್ವತಿ, "ಏಮಂಡಿ, ರಾಜ್ಯ ಬದಲಾತು, ನೀವು ಬದಲಾಗಲಿಲ್ಲ" ಎಂದಳು. ಅಕ್ಕ ಮಾತ್ರ ಟಪ್ಪಾಲಿನವನು ಬಂದಾಗಲೆಲ್ಲ ಬಾಗಿಲಿಗೆ ಬಂದು, "ಬಂತೇನೋ ನಿನ್ನ ಡಬ್ಬಿ" ಎಂದು ಕೇಳುವಳು. ಇಲ್ಲವೆಂದರೆ, "ಬರ್ಲಿ ಬಿಡು, ನಾ ಎಲ್ಲಿ ಹೋಗ್ತೀನಿ" ಎನ್ನುವಳು.

ಹೀಗೆ ಎರಡು ವರ್ಷ ಕಳೆದವು. ಕೊನೆಗೆ ಏಜೆಂಟರ ತಮ್ಮನೊಬ್ಬನ ಕಡೆಯಿಂದ ಏಡನ್ನಿಗೆ ಹಣ ಕಟ್ಟಿದೆ. ಕ್ಯಾಮೆರಾ ಬಂತು. ಸುಂಕ, ದಂಡ, ಓಡಾಟ ಎಲ್ಲ ಕೂಡಿಸಿದರೆ ಸಾಹೇಬರು ಹೇಳಿದ ಬೆಲೆಗಿಂತ ತುಸು ಹೆಚ್ಚೇ ಆಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಒಂದು ರೀಲು ಇತ್ತು, ಮೂವತ್ತಾರು ಚಿತ್ರದ್ದು. ಬಳಸುವ ಬಗೆ ತಿಳಿಸುವ ಪುಸ್ತಕವೂ ಇತ್ತು, ಜರ್ಮನ್ ಭಾಷೆಯಲ್ಲಿ. ಅದರಲ್ಲಿ ಚಿತ್ರಗಳಿದ್ದವು, ಚಿತ್ರ ನೋಡಿಯೇ ರೀಲು ಹಾಕಿದೆ. ನಮ್ಮ ಓಣಿಯಲ್ಲಿ ಗಾಳಿಗಿಂತ ಹತ್ತಿಯ ನವಿರೇ ಹೆಚ್ಚು. ಕ್ಯಾಮೆರಾದ ಕಣ್ಣಿಗೆ ಅದು ಕೂತರೆ ಏನು ಗತಿಯೆಂದು, ಬಂದ ದಿನದಿಂದಲೂ ಅದರ ಕರಿ ಮುಚ್ಚಳವನ್ನು ಒತ್ತಿ ಒತ್ತಿ ಭದ್ರ ಮಾಡುತ್ತಿದ್ದೆ. ಹಸುಗೂಸಿನ ನೆತ್ತಿಯನ್ನೂ ಯಾರೂ ಅಷ್ಟು ಕಾಪಾಡಿರಲಾರರು.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು, ಅಂಗಳದ ಬೀಸುವಕಲ್ಲಿನ ಹತ್ತಿರ ಕೂತಳು. "ನಗಬೇಕೇನೋ, ಸುಮ್ಮನಿರಬೇಕೇನೋ" ಎಂದಳು. ಹೇಗಾದರೂ ಇರು ಎಂದೆ. ಕಿಟಕಿಗೆ ಕಣ್ಣಿಟ್ಟೆ. ಬಿಸಿಲಲ್ಲಿ ಇಬ್ಬರು ಅಕ್ಕಂದಿರು ಕಂಡರು. ಬಳೆ ತಿರುವಿದೆ, ಇಬ್ಬರೂ ಮೆಲ್ಲಗೆ ಸರಿದು ಒಬ್ಬರಾದರು. ಆ ಹೊತ್ತಿನಲ್ಲಿ ನನಗಾದ ಸಂತೋಷ ನನ್ನ ಲಗ್ನದಲ್ಲೂ ಆಗಿರಲಿಲ್ಲ. ಒತ್ತಿದೆ. ಅಕ್ಕ ಕಲ್ಲಿನ ಗೂಟ ಹಿಡಿದದ್ದು, ನೆತ್ತಿಯ ಮೇಲೆ ಸೆರಗು ಎಳೆದುಕೊಂಡದ್ದು, ಪಾರ್ವತಿ ಏನೋ ಅಂದದ್ದಕ್ಕೆ ಉಳಿದೆರಡು ಹಲ್ಲು ತೋರಿಸಿ ನಕ್ಕದ್ದು, "ಸಾಕ ಬಿಡೋ, ರೊಟ್ಟಿ ಸೀದು ಹೋಗತೈತಿ" ಎಂದು ಬೈದದ್ದು, ಎಲ್ಲವನ್ನೂ ಒತ್ತಿದೆ. ಮೂವತ್ತಾರೂ ಮುಗಿದವು. ಏಳುವಾಗ ಅಕ್ಕ, "ನಾ ಹೋದಮ್ಯಾಲೆ ಗ್ವಾಡಿಗೆ ಇದರಾಗಿಂದು ಒಂದು ಹಾಕ್ರಿ. ಕುರ್ಚಿ ಮ್ಯಾಲಿಂದು ಹಾಕಿದ್ರ ನಿಮ್ಮ ಕನಸಿನಾಗ ಬಂದು ಬೈತೀನಿ" ಎಂದಳು. ನಾನು ಮಾತು ಕೊಟ್ಟೆ. ಗೋಡೆಗೆ ಅವತ್ತೇ ಮೊಳೆಯನ್ನೂ ಹೊಡೆದೆ.

ರೀಲನ್ನು ತೊಳೆಸಲು ಖಾದರ್ ಸಾಹೇಬರ ಹತ್ತಿರ ಒಯ್ಯಬಹುದಿತ್ತು. ಆದರೆ ಅಷ್ಟು ದೊಡ್ಡ ಮಾತಾಡಿ ಈಗ ಯಾವ ಮುಖ ಹೊತ್ತು ಹೋಗಲಿ? ಮದ್ರಾಸಿಗೆ ರಿಜಿಸ್ಟರ್ ಮಾಡಿ ಕಳಿಸಿದೆ. ಮೂರನೆಯ ವಾರ ಅಕ್ಕನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದಳು. ಐದನೆಯ ದಿನ ಮಧ್ಯಾಹ್ನ, ನಾನು ಮಂಡಿಯಿಂದ ಉಣ್ಣಲು ಬಂದಾಗ, "ಉಂಡೇನೋ" ಎಂದು ಕೇಳಿದಳು. ಇಲ್ಲವೆಂದೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಉಂಡೆ ಎಂದು ಹೇಳಬೇಕಾಗಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಅಕ್ಕನನ್ನು ಕೂರಿಸಿದ್ದೆವು. ಗಂಟೆಯೊಳಗೆ ಕೈಬಂಡಿಯ ಸದ್ದು ಕೇಳಿತು. ಸಾಹೇಬರು ಕುರ್ಚಿ ಇಳಿಸಿ, ಸಿಂಹಗಳ ಮುಖದ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತಿದ್ದರು. ನಾನು ಹೊರಗೆ ಹೋಗಿ, "ಬ್ಯಾಡ್ರಿ ಸಾಬ್ರ. ಅಕ್ಕ ಬ್ಯಾಡ ಅಂದಾಳ. ಆಕಿವು ಮೂವತ್ತಾರು ಫೋಟೋ ಅದಾವ, ಮದ್ರಾಸಿನ್ಯಾಗ" ಎಂದೆ. ದುಃಖದಲ್ಲೂ ನನ್ನ ದನಿಯಲ್ಲಿ ಜಂಬವಿತ್ತು. ಅದನ್ನು ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಸಾಹೇಬರು, "ಮೂವತ್ತಾರು? ಪುಣ್ಯವಂತಿ" ಎಂದು ಕೈಮುಗಿದು, ಕುರ್ಚಿಯನ್ನು ಮತ್ತೆ ಬಂಡಿಗೇರಿಸಿ ಹೋದರು.

ಹನ್ನೊಂದನೆಯ ದಿನದ ಹೊತ್ತಿಗೆ ಮದ್ರಾಸಿನಿಂದ ಲಕೋಟೆ ಬಂತು. ಅದರಲ್ಲಿ ಫೋಟೋ ಇರಲಿಲ್ಲ. ಗಾಜಿನಂತೆ ತಿಳಿಯಾದ ಉದ್ದನೆಯ ರೀಲು ಇತ್ತು. ಅದರ ಅಂಚಿನಲ್ಲಿ ಒಂದರಿಂದ ಮೂವತ್ತಾರರವರೆಗೆ ಅಂಕಿಗಳು ಮಾತ್ರ ಬಹಳ ಚೆನ್ನಾಗಿ ಮೂಡಿದ್ದವು. ಏಡನ್ನಿನವನು ಮೋಸ ಮಾಡಿದ, ಮದ್ರಾಸಿನವರು ಕೆಡಿಸಿದರು ಎಂದು ಕೂಗಾಡುತ್ತ, ನಾಚಿಕೆ ಬಿಟ್ಟು ಸಾಹೇಬರ ಹತ್ತಿರ ಓಡಿದೆ. ಅವರು ರೀಲನ್ನು ಬೆಳಕಿಗೆ ಹಿಡಿದು ನೋಡಿದರು. ಕ್ಯಾಮೆರಾ ಇಸಿದುಕೊಂಡು ಕಿಟಕಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ಮುಂದೆ ತಿರುಗಿಸಿ, ನಾನು ಭದ್ರವಾಗಿ ಒತ್ತಿದ್ದ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡರು.

"ಇದನ್ನ ತಗದಿದ್ರೇನು ಬಸಣ್ಣ" ಎಂದರು.

ಕಿಟಕಿ ಬೇರೆ, ಕಣ್ಣು ಬೇರೆ. ಕಣ್ಣು ಮುಚ್ಚಿದ್ದರೂ ಕಿಟಕಿಯಲ್ಲಿ ಎಲ್ಲ ಸೊಗಸಾಗಿ ಕಾಣುತ್ತದೆ. ನಾನು ಅಕ್ಕನನ್ನು ಮೂವತ್ತಾರು ಸಲ ನೋಡಿದ್ದೆ, ಕ್ಯಾಮೆರಾ ಒಂದು ಸಲವೂ ನೋಡಿರಲಿಲ್ಲ. ಊರಿನ ಸಣ್ಣ ಹುಡುಗರಿಗೂ ಫೋಟೋ ಅಂದರೆ ಮುಚ್ಚಳ ತೆಗೆಯುವುದು ಎಂದು ಗೊತ್ತಿತ್ತು, ಸಾಹೇಬರನ್ನು ನೋಡಿ ನೋಡಿ. ಅದಿಲ್ಲದ ಸಾಮಾನು ಬೇಕೆಂದು ಏಡನ್ನಿನತನಕ ಹೋದವನು ನಾನೊಬ್ಬನೇ. ಬಾಜೂಕ ನಿಂತು ಒಂದು ಮಾತು ಹೇಳುವುದರ ಬೆಲೆ ಅಂದು ನನಗೆ ತಿಳಿಯಿತು. ಸ್ಟುಡಿಯೋದಲ್ಲಿ ಬೇರೆ ಕುರ್ಚಿ ಇಲ್ಲದ್ದರಿಂದ ಆ ಸಿಂಹದ ಕುರ್ಚಿಯ ಮೇಲೆಯೇ ಕುಸಿದು, ಅಕ್ಕ ಹೋದ ದಿನ ಅಳದವನು ಅವತ್ತು ಅತ್ತೆ.

ಸಾಹೇಬರು ತಡೆಯಲಿಲ್ಲ. ನಾನು ಸುಮ್ಮನಾದ ಮೇಲೆ, ಬರಿಗೈಯಲ್ಲಿ ಕಳಿಸಬಾರದೆಂದೋ ಏನೋ, "ಹಂಗ ಕುಂದರ್ರಿ, ಅಲ್ಲಾಡಬ್ಯಾಡ್ರಿ" ಎಂದು ಕರಿ ಅರಿವೆಯೊಳಗೆ ತಲೆ ಹಾಕಿದರು. ಹೊರಗೆ ಬಂದು ಮುಚ್ಚಳ ತೆಗೆದರು. ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ, "ನೋಡ್ರಿ, ತಗದೀನಿ" ಎಂದರು. ಏಕ್, ದೋ, ತೀನ್.

ಅಕ್ಕನಿಗಾಗಿ ಹೊಡೆದ ಮೊಳೆ ಬರಿದಾಗಿರುವುದನ್ನು ನೋಡಲಾರದೆ ಪಾರ್ವತಿ ಆ ಫೋಟೋವನ್ನು ಅಲ್ಲಿ ತೂಗುಹಾಕಿದ್ದಾಳೆ. ಸಿಂಹಗಳ ಮೇಲೆ ಕೈ, ಬಾತ ಮುಖ, ಅರ್ಧ ಮುಚ್ಚಿದ ಕಣ್ಣು. ಹೋದ ತಿಂಗಳು ಹಾಲಹರವಿಯಿಂದ, ನನ್ನ ಮುಖ ನೋಡಿ ಅರಿಯದ ದೂರದ ನೆಂಟರೊಬ್ಬರು ಬಂದಿದ್ದರು. ಒಳಗೆ ಬಂದವರೇ ಗೋಡೆಯತ್ತ ನೋಡಿ, ಚಪ್ಪಲಿ ಬಿಟ್ಟು, ಫೋಟೋಕ್ಕೆ ಕೈಮುಗಿದರು. ಆಮೇಲೆ ಪಾರ್ವತಿಯ ಕಡೆ ತಿರುಗಿ ಮೆಲ್ಲಗೆ, "ಯಾವಾಗ ಹೋದ್ರವ್ವ" ಎಂದು ಕೇಳಿದರು. ನಾನು ಅವರ ಪಕ್ಕದಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಪಾರ್ವತಿ ನನ್ನ ಮುಖ ನೋಡಿದಳು. ನಾನು ತಂಬಿಗೆಯನ್ನು ಅವರ ಮುಂದಿಟ್ಟು ಒಳಗೆ ಹೋದೆ.