ಬಕ್ಕೇಶನ ಬುತ್ತಿ ಎಣಿಕೆ

ಹರಿಹರದಿಂದ ಹೊರಟ ಬಸ್ಸು ಬಾತಿಯ ಹತ್ತಿರ ಪಂಕ್ಚರ್ ಆಗಿ ನಿಂತದ್ದೇ ಎಲ್ಲಕ್ಕೂ ಮೂಲ. ಬಕ್ಕೇಶ್ ದಾವಣಗೆರೆಯ ಲ್ಯಾಬಿಗೆ ಫೋನ್ ಮಾಡಿ, "ಪುಷ್ಪಲತಾ ಮೇಡಂ, ಬರೋದು ಲೇಟಾಗ್ತತ್ರಿ. ನನ್ನ ಜೀವಕೋಶಗಳ ಕಡೆ ಒಂಚೂರು ಗಮನ ಇರ್ಲಿ" ಎಂದ. ಪುಷ್ಪಲತಾ ಅದೇ ಲ್ಯಾಬಿನ ಸಂಶೋಧಕಿ, ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಉಪಕಾರ ಮಾಡುವ ಹೆಂಗಸು.

ಅವತ್ತು ಬಕ್ಕೇಶನ ಹಣೆಬರಹ ತೀರ್ಮಾನವಾಗುವ ದಿನ. ಮೂರು ಗಂಟೆಗೆ ಗೈಡ್ ಪರಮೇಶ್ವರಪ್ಪನವರು ಎಣಿಕೆ ನೋಡಿ ಒಪ್ಪಿದರೆ ಪಿಎಚ್.ಡಿ. ಪ್ರಬಂಧ ಬರೆಯಲು ಅಪ್ಪಣೆ. ಇಲ್ಲವಾದರೆ ಮತ್ತೆ ಮೊದಲಿನಿಂದ. ಎಣಿಸಬೇಕಾದದ್ದು ಕೋಶಗಳನ್ನಲ್ಲ, ಅವು ಹೊರಗೆ ಕಳಿಸುವ ಗುಳ್ಳೆಗಳನ್ನು. ಜೀವಕೋಶ ತನ್ನೊಳಗಿನ ಚೀಲದಲ್ಲಿ ಸಣ್ಣ ಸಣ್ಣ ಗುಳ್ಳೆ ಕಟ್ಟಿ, ಅವುಗಳಲ್ಲಿ ಸುದ್ದಿ ತುಂಬಿ, ಚೀಲವನ್ನು ಅಂಚಿಗೆ ತಂದು ಬಾಯಿ ಬಿಚ್ಚಿ ಹೊರಗೆ ಬಿಡುತ್ತದೆ. ಗುಳ್ಳೆಗಳು ನೆರೆಯ ಕೋಶಕ್ಕೆ ಹೋಗಿ ಸುದ್ದಿ ಮುಟ್ಟಿಸುತ್ತವೆ. ಪಕ್ಕದ ಮನೆಗೆ ಬುತ್ತಿ ಕಳಿಸಿದ ಹಾಗೆ, ಎನ್ನುತ್ತಿದ್ದ ಬಕ್ಕೇಶ್. ಆ ಬುತ್ತಿಗಳಿರುವುದು ಕೋಶಗಳು ಎರಡು ದಿನ ಬಾಳಿದ ಪೋಷಕ ದ್ರವದಲ್ಲಿ. ಲ್ಯಾಬಿನವರ ಬಾಯಲ್ಲಿ ಅದು ಬರೀ ನೀರು. ಉಳಿದವರಿಗೆಲ್ಲ ಬೇಕಾದದ್ದು ಕೋಶ, ಹಳೆಯ ನೀರು ಕಸ.

ಬಕ್ಕೇಶ್ ಏದುಸಿರು ಬಿಡುತ್ತ ಬಂದಾಗ ಪುಷ್ಪಲತಾ ನಗುನಗುತ್ತ ನಿಂತಿದ್ದಳು. "ಹಳೇ ನೀರು ಹಳದಿ ಆಗಿತ್ತು, ಪಾಪ. ಸಿಂಕಿಗೆ ಸುರುವಿ ಹೊಸಾದು ಹಾಕೀನಿ. ಕೋಶ ಈಗ ಎಷ್ಟ್ ಚಂದ ಅದಾವು ನೋಡ್ರಿ!"

ಬಕ್ಕೇಶ್ ಸಿಂಕಿನತ್ತ ಓಡಿ ಬಗ್ಗಿ ನೋಡಿದ. "ನನಗೆ ಬೇಕಾಗಿದ್ದೇ ಆ ನೀರ್ರಿ ಮೇಡಂ!"

"ಅಯ್ಯೋ ಶಿವನೇ! ಮೊದ್ಲೇ ಹೇಳಬಾರದಾ? ಇರ್ಲಿ, ಹೊಸಾದು ಹಾಕಿ ಒಂದ್ ತಾಸಾತು. ಅಷ್ಟರಾಗ ನಾಕಾದ್ರೂ ಬುತ್ತಿ ಕಟ್ಟಿರ್ತಾವು, ತಗೀರಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಬಕ್ಕೇಶ್ ಆ ನೀರನ್ನೇ ನಳಿಕೆಗೆ ತುಂಬಿದ. ಗಿರಗಿರ ತಿರುಗಿಸಿ ಬುತ್ತಿಗಳನ್ನು ತಳಕ್ಕಿಳಿಸುವ ಯಂತ್ರದಲ್ಲಿ ಎದುರುಬದುರಿನ ಎರಡು ನಳಿಕೆ ಸರಿತೂಕ ಇರಬೇಕು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಪುಷ್ಪಲತಾ ಎರಡನೆಯ ನಳಿಕೆಗೆ ಬಾಟಲಿಯ ಹೊಸ ನೀರನ್ನೇ ತೂಗಿ ಸುರಿದಳು. ಅದನ್ನು ಯಾವ ಕೋಶವೂ ಮುಟ್ಟಿರಲಿಲ್ಲ.

ಮೂರು ಗಂಟೆಗೆ ಎಣಿಸುವ ಯಂತ್ರದ ಪರದೆಯ ಮೇಲೆ ಬೆಳಕಿನ ಚುಕ್ಕಿಗಳು ಗೂಡು ಕೆದಕಿದ ಇರುವೆಗಳಂತೆ ಹರಿದಾಡಿದವು. ಆರು ತಿಂಗಳಿಂದ ಬರುತ್ತಿದ್ದಷ್ಟೇ ಎಣಿಕೆ! ಬಕ್ಕೇಶನಿಗೆ ಕುಣಿಯುವಷ್ಟು ಖುಷಿಯಾಯಿತು.

"ಭೇಷ್! ಬರೀಲಿಕ್ಕೆ ಶುರು ಮಾಡ್ರಿ" ಎಂದು ಪರಮೇಶ್ವರಪ್ಪನವರು ಸಹಿ ಹಾಕಲು ಪೆನ್ನು ತೆಗೆದರು.

ಅಷ್ಟರಲ್ಲಿ ಪುಷ್ಪಲತಾ ಇನ್ನೊಂದು ನಳಿಕೆ ಹಿಡಿದು ಓಡಿ ಬಂದಳು. "ತಡೀರಿ ಸರ್! ಅವಸರದಾಗ ಇವ್ರು ತೂಕಕ್ಕಿಟ್ಟ ನಳಿಕೇನ ಎಣಿಸ್ಯಾರೆ. ಕೋಶದ್ದು ಇಲ್ಲೈತೆ!"

"ತೂಕದ್ದರಾಗ ಏನು ಹಾಕಿದ್ರಿ?"

"ಹೊಸಾ ನೀರು ಸರ್. ಬರೇ ಉಪ್ಪು, ಸಕ್ಕರೆ, ಕರುವಿನ ರಕ್ತದ ಸೀರಮ್ಮು."

ಪರಮೇಶ್ವರಪ್ಪನವರು ಪೆನ್ನನ್ನು ಸಾವಕಾಶವಾಗಿ ಜೇಬಿಗೆ ಸಿಕ್ಕಿಸಿದರು. "ಕೋಶ ಮುಟ್ಟದ ನೀರಾಗೂ ಅಷ್ಟೇ ಎಣಿಕೆ! ಕರುವಿನ ರಕ್ತದಾಗೂ ಬುತ್ತಿ ಇರ್ತಾವಲ್ರೀ ಬಕ್ಕೇಶ್. ಅವನ್ನ ಮೊದ್ಲೇ ತೆಗೆದು ಹಾಕಿದ್ರೇನು?"

ಬಕ್ಕೇಶ್ ಅವನ್ನು ಒಮ್ಮೆಯೂ ತೆಗೆದಿರಲಿಲ್ಲ.

"ಹಂಗಾರೆ ಮೊದಲಿಂದ ಮಾಡ್ರಿ."

ಬಕ್ಕೇಶನಿಗೆ ಅಳುವೇ ಬಂತು. ಯಾವ ಊರಿನದೋ, ಯಾವ ಕೊಟ್ಟಿಗೆಯದೋ, ಮುಖವನ್ನೂ ನೋಡದ ಒಂದು ಕರು ತನ್ನವರಿಗೆ ಕಳಿಸಿದ ಸುದ್ದಿಯನ್ನು ಅವನು ಆರು ತಿಂಗಳು ಕೂತು ಎಣಿಸಿದ್ದ.